ದೊಡ್ಡ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘದೊಳಗೆ ಬೆರೆಯುವುದು ಹೇಗೆ: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತು ನಲವತ್ತು ಸಾವಿರ ವಿದ್ಯಾರ್ಥಿಗಳಿರುವುದು ಸಾಮಾನ್ಯ. ಮುನ್ನೂರು ಜನ ಕೂರುವ ಸಭಾಂಗಣದಲ್ಲಿ ಇವತ್ತು ಪಕ್ಕದಲ್ಲಿದ್ದವರು ನಾಳೆ ಕಣ್ಣಿಗೆ ಬೀಳುವ ಖಾತ್ರಿಯಿಲ್ಲ. ಪ್ರಾಧ್ಯಾಪಕರಿಗೆ ನಿಮ್ಮ ಹೆಸರು ಗೊತ್ತಾಗುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ಇಂಥ ಕಡೆ ವಾರವಾರವೂ ಅದೇ ಕೋಣೆಯಲ್ಲಿ ಅದೇ ಇಪ್ಪತ್ತು ಮುಖಗಳು ಸಿಗುವ ಜಾಗವೆಂದರೆ ವಿದ್ಯಾರ್ಥಿ ಸಂಘ. ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಕ್ಕರೆ ಎಷ್ಟು ದೊಡ್ಡ ಕ್ಯಾಂಪಸ್ಸಾದರೂ ನಮ್ಮದೆನಿಸತೊಡಗುತ್ತದೆ.

ಸಂಘಗಳಿಗೇನೂ ಕೊರತೆಯಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ, ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಇವುಗಳಲ್ಲಿ ತಲಾ ಒಂದು ಸಾವಿರಕ್ಕೂ ಹೆಚ್ಚು ನೋಂದಾಯಿತ ಸಂಘಗಳಿವೆ. ಇಷ್ಟೊಂದು ಇರುವುದರಿಂದಲೇ ಮೊದಲ ವಾರ ಹತ್ತು ಕಡೆ ಹೆಸರು ಬರೆಸಿದವರಲ್ಲಿ ಅನೇಕರು ಎರಡನೇ ತಿಂಗಳ ಹೊತ್ತಿಗೆ ಒಂದರಲ್ಲೂ ಉಳಿದಿರುವುದಿಲ್ಲ. ಅವರಿಗೆ ಆಸಕ್ತಿ ಇರುತ್ತದೆ, ಹೆಸರು ಬರೆಸಿದ ಮೇಲೆ ಮುಂದೇನು ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನನಗೆ ಕಂಡಂತೆ, ಸಂಘದ ಒಂದು ಸಣ್ಣ ಕೆಲಸ ನಿಮ್ಮ ಕೈಗೆ ಬಂದ ದಿನ ನೀವು ಆ ಸಂಘದವರಾಗುತ್ತೀರಿ. ಕೆಳಗಿನ ಹೆಜ್ಜೆಗಳೆಲ್ಲವೂ ಆ ದಿನ ಬೇಗ ಬರಲಿ ಎಂಬುದಕ್ಕಾಗಿಯೇ ಇವೆ.

ಹೆಜ್ಜೆ 1: ಮೊದಲು ವಾರದ ಲೆಕ್ಕ ಹಾಕಿ

ಸಂಘಗಳ ಪಟ್ಟಿ ತೆರೆಯುವ ಮುನ್ನ ನಿಮ್ಮ ವೇಳಾಪಟ್ಟಿ ತೆರೆಯಿರಿ. ತರಗತಿ, ಪ್ರಯೋಗಾಲಯ, ಓದು, ನಿದ್ದೆ, ಓಡಾಟ, ಸಂಪಾದನೆಗಾಗಿ ಮಾಡುವ ಕೆಲಸವಿದ್ದರೆ ಅದು, ಎಲ್ಲವನ್ನೂ ತುಂಬಿ. ಖಾಲಿ ಉಳಿದ ಸಂಜೆಗಳಲ್ಲಿ ಅರ್ಧವನ್ನು ಮಾತ್ರ ಸಂಘಕ್ಕೆಂದು ಇಡಿ. ಉಳಿದರ್ಧವನ್ನು ಪರೀಕ್ಷೆ ಹತ್ತಿರವಾದಾಗ ಓದೇ ಕೇಳಿ ಪಡೆಯುತ್ತದೆ. ಹೊಸಬರಿಗೆ ವಾರಕ್ಕೆ ನಾಲ್ಕರಿಂದ ಆರು ಗಂಟೆ ಧಾರಾಳವಾಯಿತು.

ಆ ಗಂಟೆಗಳನ್ನು ಎಷ್ಟು ಸಂಘಗಳಿಗೆ ಹಂಚಬೇಕು? ಎರಡಕ್ಕಿಂತ ಹೆಚ್ಚು ಬೇಡ ಎನ್ನುತ್ತೇನೆ. ಒಂದಕ್ಕೆ ದೊಡ್ಡ ಪಾಲು, ಇನ್ನೊಂದರ ಜೊತೆ ಹಗುರವಾದ ನಂಟು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ನಿಜವಾದ ಗೆಳೆತನವಾಗಲು ಸುಮಾರು 90 ಗಂಟೆ, ಆಪ್ತ ಸ್ನೇಹವಾಗಲು 200ಕ್ಕೂ ಹೆಚ್ಚು ಗಂಟೆ ಒಟ್ಟಿಗೆ ಕಳೆಯಬೇಕಾಗುತ್ತದೆ. ಹದಿನೈದು ವಾರಗಳ ಸೆಮಿಸ್ಟರ್‌ನಲ್ಲಿ ಐದು ಸಂಘಗಳಿಗೆ ವಾರಕ್ಕೊಂದೊಂದು ಗಂಟೆ ಹೋದರೆ ಪ್ರತಿಯೊಂದರಲ್ಲೂ ಕಳೆದದ್ದು ಹದಿನೈದೇ ಗಂಟೆ. ಐದೂ ಕಡೆ ನೀವು ಮುಖಪರಿಚಯದವರಷ್ಟೇ. ವಾರದ ನಾಲ್ಕು ಗಂಟೆಯನ್ನು ಒಂದೇ ಕಡೆ ಕೊಟ್ಟರೆ ಅದು ಅರವತ್ತು ಗಂಟೆಯಾಗುತ್ತದೆ. ಉನ್ನತ ಶಿಕ್ಷಣದ ಸಂಶೋಧಕ ಅಲೆಕ್ಸಾಂಡರ್ ಆ್ಯಸ್ಟಿನ್ 1984ರಲ್ಲಿ ಮಂಡಿಸಿದ ಸಿದ್ಧಾಂತವೂ ಇದೇ ದಿಕ್ಕಿನದು: ವಿದ್ಯಾರ್ಥಿ ಎಷ್ಟು ಹೊತ್ತು, ಎಷ್ಟು ಮನಸ್ಸಿಟ್ಟು ತೊಡಗಿಕೊಳ್ಳುತ್ತಾನೋ ಅಷ್ಟು ಪಡೆಯುತ್ತಾನೆ.

ಮೊದಲ ಸೆಮಿಸ್ಟರ್‌ನಲ್ಲಿ ಓದಿನ ಭಾರ ಅಂದಾಜಿಗೆ ಸಿಗದೆ ಹೆದರುವವರು ಒಂದೇ ಸಂಘದಿಂದ ಶುರುಮಾಡಲಿ. ಅದರಲ್ಲಿ ತಪ್ಪೇನೂ ಇಲ್ಲ.

ಹೆಜ್ಜೆ 2: ಸಂಘಗಳ ಬಗೆ ತಿಳಿದುಕೊಳ್ಳಿ

ಎಲ್ಲ ಸಂಘಗಳಿಗೂ ಬಾಗಿಲು ಒಂದೇ ಥರ ಇರುವುದಿಲ್ಲ. ಚಾರಣ, ಚದುರಂಗ, ಛಾಯಾಗ್ರಹಣ, ಓದುಬಳಗದಂಥವು ಸಾಮಾನ್ಯವಾಗಿ ಮುಕ್ತ ಸಂಘಗಳು. ಬಂದವರೆಲ್ಲ ಸದಸ್ಯರು, ವರ್ಷದ ಯಾವ ವಾರದಲ್ಲಾದರೂ ಬರಬಹುದು. ನಾಟಕ, ನೃತ್ಯ, ಗಾಯನ ತಂಡಗಳಿಗೆ ಆಡಿಷನ್ ಇರುತ್ತದೆ. ಹಣಕಾಸು ಮತ್ತು ಕನ್ಸಲ್ಟಿಂಗ್ ಸಂಘಗಳಲ್ಲಿ ಅನೇಕವು ಅರ್ಜಿ, ಎರಡು ಸುತ್ತಿನ ಸಂದರ್ಶನ ಎಂದು ಕೆಲಸಕ್ಕೆ ಆಯ್ಕೆ ಮಾಡಿದಂತೆಯೇ ಆಯ್ಕೆ ಮಾಡುತ್ತವೆ. ಇವೆರಡಕ್ಕೂ ಗಡುವು ಸೆಮಿಸ್ಟರ್‌ನ ಮೊದಲ ಎರಡು ಮೂರು ವಾರಗಳಲ್ಲೇ ಮುಗಿದುಹೋಗುವುದರಿಂದ, ಆಸೆಯಿದ್ದವರು ತರಗತಿ ಶುರುವಾಗುವ ಮುನ್ನವೇ ದಿನಾಂಕ ನೋಡಿಟ್ಟುಕೊಳ್ಳಬೇಕು.

ಎಂಜಿನಿಯರಿಂಗ್ ಸ್ಪರ್ಧಾ ತಂಡಗಳದ್ದು ಬೇರೆಯೇ ಲೋಕ. 1980ರ ದಶಕದ ಆರಂಭದಿಂದ ನಡೆದುಬಂದಿರುವ ಫಾರ್ಮುಲಾ ಎಸ್‌ಎಇ ಸ್ಪರ್ಧೆಗೆ ವಿದ್ಯಾರ್ಥಿಗಳೇ ಸಣ್ಣ ರೇಸ್ ಕಾರು ವಿನ್ಯಾಸಮಾಡಿ, ಕಟ್ಟಿ, ಓಡಿಸಬೇಕು. ಇಂಥ ತಂಡದಲ್ಲಿ ಲೇತ್ ಹಿಡಿಯುವವರಷ್ಟೇ ಬೆಲೆ ಪ್ರಾಯೋಜಕರಿಗೆ ಪತ್ರ ಬರೆಯುವವರಿಗೂ, ಖರ್ಚಿನ ವರದಿ ಸಿದ್ಧಪಡಿಸುವವರಿಗೂ ಇದೆ. ಏಕೆಂದರೆ ಕಾರಿನ ಜೊತೆಗೆ ಅದರ ವೆಚ್ಚಕ್ಕೂ, ವ್ಯಾಪಾರ ಯೋಜನೆಯ ಮಂಡನೆಗೂ ಆ ಸ್ಪರ್ಧೆಯಲ್ಲಿ ಅಂಕಗಳಿವೆ. ಸಾಹಿತ್ಯ, ವಾಣಿಜ್ಯ ಓದುವವರು ಇಂಥ ತಂಡಗಳ ಬಾಗಿಲಿನಿಂದಲೇ ಹಿಂದಿರುಗುವುದನ್ನು ನೋಡಿದರೆ ಬೇಸರವಾಗುತ್ತದೆ.

ಇವಲ್ಲದೆ ಸೇವಾ ಸಂಘಗಳು, ಭಾಷೆ ಮತ್ತು ಸಂಸ್ಕೃತಿಯ ಬಳಗಗಳು, ವಿದ್ಯಾರ್ಥಿ ಪತ್ರಿಕೆ ಮತ್ತು ರೇಡಿಯೊ, ವೃತ್ತಿಸಂಸ್ಥೆಗಳ ವಿದ್ಯಾರ್ಥಿ ಶಾಖೆಗಳು ಇರುತ್ತವೆ. ವಿದ್ಯಾರ್ಥಿ ಪತ್ರಿಕೆಯ ಬಗ್ಗೆ ಒಂದು ಮಾತು: ಇಡೀ ಕ್ಯಾಂಪಸ್ಸನ್ನು ಬೇಗ ಅರಿಯಬೇಕೆನ್ನುವ ಸಂಕೋಚದ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಪರಿಚಿತರನ್ನು ಮಾತನಾಡಿಸಲು ವರದಿಗಾರಿಕೆಯೇ ಒಂದು ನೆಪ ಕೊಡುತ್ತದೆ.

ಹೆಜ್ಜೆ 3: ಜೀವ ಇರುವ ಸಂಘವನ್ನು ಗುರುತಿಸಿ

ಹೆಚ್ಚಿನ ವಿಶ್ವವಿದ್ಯಾಲಯಗಳು ಸಂಘಗಳ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಇಟ್ಟಿರುತ್ತವೆ. ಆಸಕ್ತಿಯ ಪದ ಹಾಕಿ ಹುಡುಕಿದರೆ ನೂರಾರು ಹೆಸರು ಬರುತ್ತವೆ. ಇವುಗಳಲ್ಲಿ ಹಲವು ಹೆಸರಿಗಷ್ಟೇ ಇರುವ ಸಂಘಗಳು. ನಡೆಸುತ್ತಿದ್ದವರು ಪದವಿ ಮುಗಿಸಿ ಹೋದ ಮೇಲೆ ನೋಂದಣಿ ಮಾತ್ರ ಉಳಿದಿರುತ್ತದೆ.

ಉಸಿರಾಡುತ್ತಿರುವ ಸಂಘವನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಕೊನೆಯ ಕಾರ್ಯಕ್ರಮ ಯಾವಾಗ ನಡೆಯಿತು ಎಂದು ನೋಡಿ. ಹಿಂದಿನ ಸೆಮಿಸ್ಟರ್‌ನಲ್ಲಿ ಕನಿಷ್ಠ ಮೂರು ನಾಲ್ಕು ಬಾರಿ ಸೇರಿರಬೇಕು. ಪದಾಧಿಕಾರಿಗಳ ಪಟ್ಟಿ ಈ ವರ್ಷದ್ದೇ ಎಂದು ಪರಿಶೀಲಿಸಿ. ಇನ್‌ಸ್ಟಾಗ್ರಾಂ ಪುಟವಿದ್ದರೆ ಫೋಟೊಗಳಲ್ಲಿ ಬರೀ ಪದಾಧಿಕಾರಿಗಳೇ ಇದ್ದಾರೋ, ಬೇರೆ ಬೇರೆ ಮುಖಗಳೂ ಇವೆಯೋ ಗಮನಿಸಿ. ಪೋಸ್ಟರ್‌ಗಳು ಎಷ್ಟು ಚೆನ್ನಾಗಿವೆ ಎಂಬುದಕ್ಕೆ ಬೆಲೆ ಕೊಡಬೇಡಿ, ಒಬ್ಬ ಒಳ್ಳೆಯ ವಿನ್ಯಾಸಕ ಇದ್ದರೆ ಪೋಸ್ಟರ್ ಚೆನ್ನಾಗಿರುತ್ತದೆ, ಅಷ್ಟೇ. ವಿಭಾಗದ ಸೂಚನಾ ಫಲಕ, ಹಾಸ್ಟೆಲ್ಲಿನ ಸೀನಿಯರ್‌ಗಳು, ಗ್ರಂಥಾಲಯದ ಪ್ರವೇಶದ್ವಾರ, ಇವು ಇಂದಿಗೂ ಜಾಲತಾಣಕ್ಕಿಂತ ಹೆಚ್ಚು ನಂಬಬಹುದಾದ ಸುದ್ದಿ ಕೊಡುತ್ತವೆ.

ಎಂಟು ಹತ್ತು ಹೆಸರುಗಳ ಚಿಕ್ಕ ಪಟ್ಟಿ ಸಿದ್ಧವಾದರೆ ಈ ಹೆಜ್ಜೆ ಮುಗಿಯಿತು.

ಹೆಜ್ಜೆ 4: ಸಂಘಗಳ ಮೇಳಕ್ಕೆ ಸಿದ್ಧರಾಗಿ ಹೋಗಿ

ವರ್ಷಾರಂಭದಲ್ಲಿ ಸಂಘಗಳೆಲ್ಲ ಮೇಜು ಹಾಕಿ ಹೊಸಬರನ್ನು ಕರೆಯುವ ಮೇಳ ನಡೆಯುತ್ತದೆ. ಬ್ರಿಟನ್ನಿನಲ್ಲಿ ಫ್ರೆಷರ್ಸ್ ಫೇರ್ ಎನ್ನುತ್ತಾರೆ, ಮಿಷಿಗನ್‌ನಲ್ಲಿ ಅದರ ಹೆಸರು ಫೆಸ್ಟಿಫಾಲ್. ನೂರಾರು ಮೇಜು, ಗದ್ದಲ, ಕೈಗೆ ತುರುಕುವ ಕರಪತ್ರಗಳು. ಸಿದ್ಧತೆಯಿಲ್ಲದೆ ಹೋದವರು ಜೋರಾಗಿ ಕರೆದವರ ಮೇಜಿಗೆ ಹೋಗುತ್ತಾರೆ. ಜೋರಾಗಿ ಕರೆಯುವ ಸಂಘ ನಿಮಗೆ ಹೊಂದುವ ಸಂಘವೇ ಆಗಿರಬೇಕೆಂದಿಲ್ಲ.

ನಿಮ್ಮ ಪಟ್ಟಿಯಲ್ಲಿರುವ ಮೇಜುಗಳಿಗೆ ಮೊದಲು ಹೋಗಿ, ಆಮೇಲೆ ಬೇಕಾದಷ್ಟು ಅಲೆಯಿರಿ. ಮೇಳ ಮುಗಿಯುವ ಕೊನೆಯ ಗಂಟೆ ಮಾತಿಗೆ ಒಳ್ಳೆಯ ಸಮಯ. ಜನ ಕರಗಿರುತ್ತಾರೆ, ಮೇಜಿನ ಹಿಂದಿರುವವರಿಗೂ ಸಾವಧಾನವಾಗಿ ಮಾತನಾಡಲು ಆಗುತ್ತದೆ. ಸಾಧ್ಯವಾದರೆ ಅಧ್ಯಕ್ಷರ ಬದಲು ಕಳೆದ ವರ್ಷವಷ್ಟೇ ಸೇರಿದ ಸದಸ್ಯರನ್ನು ಹುಡುಕಿ ಮಾತನಾಡಿಸಿ. ಹೊಸಬರಾಗಿ ಬಂದು ಒಳಗೆ ಸೇರಿಕೊಂಡ ಅನುಭವ ಅವರಿಗೆ ಇನ್ನೂ ಹಸಿಯಾಗಿರುತ್ತದೆ.

ಏನು ಕೇಳಬೇಕು? "ನಿಮ್ಮ ಸಂಘ ಏನು ಮಾಡುತ್ತದೆ" ಎಂದರೆ ಕರಪತ್ರದಲ್ಲಿರುವುದನ್ನೇ ಹೇಳುತ್ತಾರೆ. "ಕಳೆದ ವಾರದ ಸಭೆಯಲ್ಲಿ ಏನು ಮಾಡಿದಿರಿ, ಎಷ್ಟು ಜನ ಬಂದಿದ್ದರು?" ಎಂದು ಕೇಳಿ. "ಕಳೆದ ವರ್ಷ ಸೇರಿದ ಮೊದಲ ವರ್ಷದವರು ಈಗ ಏನು ಮಾಡುತ್ತಿದ್ದಾರೆ?" ಎಂದು ಕೇಳಿ. ಈ ಎರಡನೆಯ ಪ್ರಶ್ನೆಯನ್ನು ನಾನು ಯಾರಿಗಾದರೂ ತಪ್ಪದೆ ಹೇಳಿಕೊಡುತ್ತೇನೆ. "ಅವರೇ ಈಗ ಪತ್ರಿಕೆಯ ಪುಟ ವಿನ್ಯಾಸ ನೋಡಿಕೊಳ್ಳುತ್ತಿದ್ದಾರೆ" ಎಂಬಂಥ ಉತ್ತರ ತಟ್ಟನೆ ಬಂದರೆ ಅಲ್ಲಿ ಹೊಸಬರಿಗೆ ಜಾಗವಿದೆ. ಉತ್ತರಕ್ಕೆ ತಡವರಿಸಿದರೆ ಹೊಸಬರು ಅಲ್ಲಿ ನಿಲ್ಲುತ್ತಿಲ್ಲ ಎಂದೇ ಅರ್ಥ. ಶುಲ್ಕ ಎಷ್ಟು, ಸಭೆ ಯಾವ ದಿನ, ಎಲ್ಲಿ ಎಂಬುದನ್ನೂ ಅಲ್ಲೇ ಬರೆದುಕೊಳ್ಳಿ.

ಕಂಡ ಕ್ಯೂಆರ್ ಕೋಡ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಮೊಬೈಲ್ ಸಂಖ್ಯೆ ಕೊಡಬೇಡಿ. ಇಪ್ಪತ್ತು ವಾಟ್ಸ್‌ಆ್ಯಪ್ ಗುಂಪುಗಳ ಸಂದೇಶಗಳ ನಡುವೆ ನಿಮಗೆ ಬೇಕಾದ ಒಂದು ಸಂದೇಶ ಕಳೆದುಹೋಗುತ್ತದೆ. ನಾಲ್ಕೈದು ಕಡೆ ಇಮೇಲ್ ವಿಳಾಸ ಕೊಟ್ಟರೆ ಸಾಕು.

ಹೆಜ್ಜೆ 5: ಮೂರು ಸಭೆಗಳವರೆಗೆ ತೀರ್ಮಾನ ಬೇಡ

ವರ್ಷದ ಮೊದಲ ಸಭೆ ಪ್ರದರ್ಶನದಂತಿರುತ್ತದೆ. ನೂರು ಜನ ಬಂದಿರುತ್ತಾರೆ, ಸ್ಲೈಡ್‌ಗಳಿರುತ್ತವೆ, ಯಾರೊಡನೆಯೂ ಸರಿಯಾಗಿ ಮಾತನಾಡಲು ಆಗುವುದಿಲ್ಲ. ಅದನ್ನು ನೋಡಿ ಮರುಳಾಗುವುದೂ ಬೇಡ, ಹೆದರುವುದೂ ಬೇಡ. ಎರಡನೇ ಸಭೆಗೆ ಬರುವವರು ಅರ್ಧಕ್ಕಿಂತ ಕಡಿಮೆ ಇರಬಹುದು, ಮೂರನೆಯದಕ್ಕೆ ಇನ್ನೂ ಕಡಿಮೆ. ಸಂಘದ ನಿಜವಾದ ನಡವಳಿಕೆ ಕಾಣುವುದು ಆಗಲೇ.

ಮೂರನೇ ಸಭೆಗೂ ಬಂದ ಹೊಸಬರನ್ನು ಹಳಬರು ಗುರುತಿಸತೊಡಗುತ್ತಾರೆ. ಮತ್ತೆ ಮತ್ತೆ ಕಂಡದ್ದರ ಮೇಲೆ ಮನುಷ್ಯರಿಗೆ ಒಲವು ಬೆಳೆಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜೈಯಾನ್ಸ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಹೆಚ್ಚು ಮಾತನಾಡದವರಿಗೆ ಇದು ದೊಡ್ಡ ಸಮಾಧಾನ. ಸುಮ್ಮನೆ ಬಂದು ಕೂತರೂ ಸ್ವಲ್ಪ ಕೆಲಸ ತಾನಾಗಿ ಆಗುತ್ತಿರುತ್ತದೆ.

ಸಭೆಗೆ ಹತ್ತು ನಿಮಿಷ ಮುಂಚೆ ಹೋಗಿ. ಆಗ ಕೋಣೆಯಲ್ಲಿ ಪದಾಧಿಕಾರಿಗಳು ಮಾತ್ರ ಇರುತ್ತಾರೆ, ಕುರ್ಚಿ ಜೋಡಿಸುತ್ತಿರುತ್ತಾರೆ, ಪ್ರೊಜೆಕ್ಟರ್ ಜೊತೆ ಗುದ್ದಾಡುತ್ತಿರುತ್ತಾರೆ. ಎರಡು ಕುರ್ಚಿ ಎಳೆದುಕೊಡುವಾಗ ಬರುವ ಮಾತುಕತೆ ಸಭೆಯ ನಡುವೆ ಎದ್ದು ನಿಂತು ಮಾಡಿಕೊಳ್ಳುವ ಪರಿಚಯಕ್ಕಿಂತ ಎಷ್ಟೋ ಹಗುರ. ಸಭೆ ಮುಗಿದ ಮೇಲಿನ ಹತ್ತು ನಿಮಿಷವೂ ಹಾಗೆಯೇ. ಮುಗಿದ ಕೂಡಲೇ ಚೀಲ ಹೆಗಲಿಗೇರಿಸಿ ಹೊರಡುವವರು ಸಂಘದ ಅರ್ಧ ಭಾಗವನ್ನು ನೋಡದೇ ಹೋಗುತ್ತಾರೆ.

ಈ ಮೂರು ವಾರ ಕೆಲವು ವಿಷಯಗಳ ಮೇಲೆ ಕಣ್ಣಿಡಿ. ಹೊಸಬರು ಹೇಳಿದ್ದನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ? ಕೆಲಸ ಯಾವಾಗಲೂ ಅದೇ ಮೂವರ ಪಾಲಿಗೆ ಬರುತ್ತದೆಯೇ? ಹಳಬರು ತಮ್ಮತಮ್ಮಲ್ಲೇ ನಗುವ ಮಾತುಗಳನ್ನು ಹೊಸಬರಿಗೆ ಬಿಡಿಸಿ ಹೇಳುತ್ತಾರೆಯೇ?

ಹೆಜ್ಜೆ 6: ಒಂದು ಸಣ್ಣ ಕೆಲಸ ಕೈಗೆತ್ತಿಕೊಳ್ಳಿ

ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ ಎಂಬ ಆಟಿಕೆ ರೈಲಿನ ಸಂಘವೊಂದಿದೆ. 1950ರ ದಶಕದ ಕೊನೆಯಲ್ಲಿ ಅಲ್ಲಿ ಒಂದು ಪದ್ಧತಿಯಿತ್ತು: ರೈಲುಹಳಿಗಳ ವ್ಯವಸ್ಥೆಯ ಮೇಲೆ ನಲವತ್ತು ಗಂಟೆ ದುಡಿದವರಿಗೆ ಸಂಘದ ಕೋಣೆಯ ಕೀಲಿಕೈ. ಹಳಿಗಳ ಕೆಳಗೆ ತಂತಿ, ರಿಲೇಗಳನ್ನು ಜೋಡಿಸುತ್ತಿದ್ದ ಆ ಬಳಗದಿಂದಲೇ ಮುಂದೆ ಕಂಪ್ಯೂಟರ್ ಲೋಕದ ಮೊದಲ ತಲೆಮಾರಿನ ಪ್ರೋಗ್ರಾಮರ್‌ಗಳಲ್ಲಿ ಹಲವರು ಬಂದರು. 1962ರ ಸ್ಪೇಸ್‌ವಾರ್ ಎಂಬ ಕಂಪ್ಯೂಟರ್ ಆಟ ಬರೆದ ಸ್ಟೀವ್ ರಸೆಲ್ ಅವರಲ್ಲೊಬ್ಬರು. ಕೀಲಿಕೈ ಕೊಡುವಾಗ ಸಂಘ ಯಾರ ಪ್ರತಿಭೆಯನ್ನೂ ಅಳೆಯುತ್ತಿರಲಿಲ್ಲ, ಬಂದು ದುಡಿದ ಗಂಟೆಗಳನ್ನು ನೋಡುತ್ತಿತ್ತು. ಇಂದಿನ ಸಂಘಗಳಲ್ಲಿ ಇಷ್ಟು ಸ್ಪಷ್ಟವಾದ ನಿಯಮ ಬರೆದಿಟ್ಟಿರುವುದಿಲ್ಲ, ಆದರೆ ನಡೆಯುವುದು ಬಹುಮಟ್ಟಿಗೆ ಹೀಗೆಯೇ.

ಮೊದಲ ಕೆಲಸ ಆರಿಸುವಾಗ ಅದು ಸಣ್ಣದಾಗಿರಲಿ, ಮುಗಿಯುವ ದಿನಾಂಕ ಇರಲಿ, ಮುಗಿದಾಗ ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದಾಗಿರಲಿ. ಕೋಣೆ ಕಾಯ್ದಿರಿಸುವುದು, ಅತಿಥಿಯನ್ನು ಗೇಟಿನಿಂದ ಕರೆತರುವುದು, ನೋಂದಣಿ ಮೇಜಿನಲ್ಲಿ ಕೂರುವುದು, ಕಾರ್ಯಕ್ರಮದ ಫೋಟೊ ತೆಗೆದು ಅದೇ ರಾತ್ರಿ ಹಂಚುವುದು, ಎಲ್ಲವೂ ಆಗುತ್ತವೆ. "ವರ್ಷವಿಡೀ ಜಾಲತಾಣ ನೋಡಿಕೊಳ್ಳುತ್ತೇನೆ" ಎಂಬಂಥ ಕೊನೆಯಿಲ್ಲದ ಹೊಣೆಯನ್ನು ಮೊದಲ ತಿಂಗಳಲ್ಲೇ ಹೊರಬೇಡಿ.

ನನ್ನ ಆಯ್ಕೆ ಕೇಳಿದರೆ ಸಭೆಯ ನಡಾವಳಿ ಬರೆಯುವ ಕೆಲಸ. ಬೇರೆ ಯಾರಿಗೂ ಬೇಡವಾದ ಕೆಲಸವಾದ್ದರಿಂದ ಕೇಳಿದ ಕೂಡಲೇ ಸಿಗುತ್ತದೆ. ಯಾರು ಏನು ಹೇಳಿದರು ಎಂಬುದನ್ನೆಲ್ಲ ಬರೆಯುವ ಅಗತ್ಯವಿಲ್ಲ. ಮೇಲೆ ದಿನಾಂಕ ಮತ್ತು ಬಂದವರ ಹೆಸರು. ಕೆಳಗೆ ಒಂದೊಂದು ತೀರ್ಮಾನಕ್ಕೆ ಒಂದೊಂದು ಸಾಲು: ಏನು ಮಾಡುವುದು, ಯಾರು ಮಾಡುವುದು, ಎಂದಿನೊಳಗೆ. "ಚರ್ಚಾ ಸ್ಪರ್ಧೆಯ ಪೋಸ್ಟರ್, ವಿನ್ಯಾಸ ತಂಡ, ಶುಕ್ರವಾರ ಸಂಜೆಯೊಳಗೆ." ಇಷ್ಟೇ. ಯಾರ ಹೆಸರೂ ಬಾರದ ತೀರ್ಮಾನ ಬಂದಾಗ "ಇದನ್ನು ಯಾರು ಮಾಡುತ್ತಾರೆಂದು ಬರೆದುಕೊಳ್ಳಲಿ?" ಎಂದು ನೀವು ಕೇಳಲೇಬೇಕಾಗುತ್ತದೆ. ಹಾಗೆ ಕೇಳುತ್ತಾ ಕೇಳುತ್ತಾ ಎಲ್ಲರ ಹೆಸರು ಬಾಯಿಗೆ ಬರುತ್ತದೆ, ಸಂಘದ ಒಳಗಿನ ವ್ಯವಹಾರ ಅರ್ಥವಾಗುತ್ತದೆ, ಅಪರಿಚಿತರ ನಡುವೆ ಬಾಯಿ ತೆರೆಯಲು ಸಕಾರಣವೂ ಸಿಗುತ್ತದೆ. ನಡಾವಳಿಯನ್ನು ಅದೇ ರಾತ್ರಿ ಕಳಿಸಿ. ಮೂರು ದಿನ ಬಿಟ್ಟು ಕಳಿಸಿದ ನಡಾವಳಿಯನ್ನು ಯಾರೂ ಓದುವುದಿಲ್ಲ.

ಕೆಲಸ ಕೇಳುವ ರೀತಿಯೂ ಮುಖ್ಯ. "ಏನಾದರೂ ಸಹಾಯ ಬೇಕಾದರೆ ಹೇಳಿ" ಎಂಬ ಸಂದೇಶಕ್ಕೆ "ಖಂಡಿತ" ಎಂಬ ಉತ್ತರ ಬಂದು ಅಲ್ಲಿಗೆ ನಿಲ್ಲುತ್ತದೆ. ನಿಮಗೇನು ಕೊಡಬಹುದೆಂದು ಯೋಚಿಸುವ ಹೊರೆ ಆಗ ಕಾರ್ಯದರ್ಶಿಯ ತಲೆಯ ಮೇಲೆ ಬೀಳುತ್ತದೆ. ಹೀಗೆ ಬರೆದು ನೋಡಿ:

"ನಮಸ್ಕಾರ. ನಾನು ಮೊದಲ ವರ್ಷದ ರಸಾಯನಶಾಸ್ತ್ರ ವಿದ್ಯಾರ್ಥಿನಿ, ಕಳೆದ ಎರಡು ಸಭೆಗಳಿಗೆ ಬಂದಿದ್ದೆ. ಸ್ಪರ್ಧೆಯ ದಿನ ಖಾಲಿ ಇರುವ ಕೋಣೆಗಳ ಪಟ್ಟಿ ಬೇಕೆಂದು ಹೇಳುತ್ತಿದ್ದಿರಿ. ಗುರುವಾರದೊಳಗೆ ನಾನು ಅದನ್ನು ಸಿದ್ಧಪಡಿಸಿ ಕೊಡಬಲ್ಲೆ. ಹೋದ ವರ್ಷದ ಪಟ್ಟಿ ಇದ್ದರೆ ದಯವಿಟ್ಟು ಕಳಿಸಿ."

ಇದಕ್ಕೆ "ಆಗಲಿ" ಎನ್ನುವುದಷ್ಟೇ ಅವರಿಗೆ ಉಳಿದಿರುವ ಕೆಲಸ. ಉತ್ತರ ಬಾರದಿದ್ದರೆ ಬೇಸರಿಸಬೇಡಿ. ಪದಾಧಿಕಾರಿಗಳೂ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳೇ. ಐದಾರು ದಿನ ಬಿಟ್ಟು ಇನ್ನೊಮ್ಮೆ ಕೇಳಿ, ಇಲ್ಲವೇ ಮುಂದಿನ ಸಭೆಯಲ್ಲಿ ಎದುರಿಗೇ ಕೇಳಿ. ಕೆಲಸ ಒಪ್ಪಿಕೊಂಡ ಮೇಲೆ ಆಗುವುದಿಲ್ಲ ಎನಿಸಿದರೆ ಗಡುವಿಗೆ ಎರಡು ದಿನ ಮುಂಚೆಯೇ ಹೇಳಿಬಿಡಿ. ಗಡುವಿನ ದಿನ ಮಾಯವಾಗುವ ಸದಸ್ಯರಿಂದ ಸಂಘಗಳು ಪಡುವ ಪಾಡು ಅಷ್ಟಿಷ್ಟಲ್ಲ.

ಹೆಜ್ಜೆ 7: ಆಯ್ಕೆ ಪ್ರಕ್ರಿಯೆ ಇರುವ ಕಡೆ

ಆಡಿಷನ್, ಸಂದರ್ಶನಗಳಲ್ಲಿ ಹೆಚ್ಚಿನವರು ಬೀಳುತ್ತಾರೆ. ಹತ್ತು ಜಾಗಕ್ಕೆ ನೂರೈವತ್ತು ಜನ ಬಂದರೆ ಆಗುವುದೇ ಅದು. ಆಯ್ಕೆ ಮಾಡುವವರೂ ನಿಮಗಿಂತ ಒಂದೆರಡು ವರ್ಷ ಹಿರಿಯ ವಿದ್ಯಾರ್ಥಿಗಳು ಎಂಬುದನ್ನು ಮರೆಯಬೇಡಿ. ಅವರ ತೀರ್ಪು ನಿಮ್ಮ ಯೋಗ್ಯತೆಯ ಪ್ರಮಾಣಪತ್ರವಲ್ಲ.

ಅರ್ಜಿಯಲ್ಲಿ ಆ ಸಂಘ ಕಳೆದ ವರ್ಷ ಮಾಡಿದ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ, ಅದರಲ್ಲಿ ನೀವೇನು ಸೇರಿಸಬಲ್ಲಿರಿ ಎಂದು ಎರಡು ವಾಕ್ಯ ಬರೆಯಿರಿ. ಸಂದರ್ಶನಕ್ಕೆ ಮುನ್ನ ಮಾಹಿತಿ ಸಭೆ ಇದ್ದರೆ ತಪ್ಪಿಸಬೇಡಿ. ಆಯ್ಕೆಯಾಗದಿದ್ದರೆ ಏನು ಸುಧಾರಿಸಿಕೊಳ್ಳಬಹುದು ಎಂದು ವಿನಯದಿಂದ ಕೇಳಿ. ಎಲ್ಲರೂ ಉತ್ತರಿಸುವುದಿಲ್ಲ, ಉತ್ತರಿಸಿದವರ ಮಾತು ಮುಂದಿನ ಬಾರಿಗೆ ನೆರವಾಗುತ್ತದೆ. ಎರಡನೇ ಸೆಮಿಸ್ಟರ್‌ನಲ್ಲಿ ಅರ್ಜಿ ಹಾಕುವವರ ಸಂಖ್ಯೆ ಸಾಮಾನ್ಯವಾಗಿ ಕಡಿಮೆ. ನಾಟಕ ತಂಡವಾದರೆ ಬೆಳಕು, ಧ್ವನಿ, ರಂಗಸಜ್ಜಿಕೆಗೆ ಯಾವಾಗಲೂ ಕೈಗಳು ಬೇಕು. ಆ ದಾರಿಯಿಂದ ಒಳಗೆ ಹೋಗಿ ಮುಂದಿನ ವರ್ಷ ರಂಗದ ಮೇಲೆ ನಿಂತವರು ಬೇಕಾದಷ್ಟು ಜನ ಇದ್ದಾರೆ.

ಹೆಜ್ಜೆ 8: ಹಣ ಮತ್ತು ಸುರಕ್ಷತೆಯ ವಿಚಾರ ಮೊದಲೇ ಕೇಳಿಕೊಳ್ಳಿ

ಸದಸ್ಯತ್ವ ಶುಲ್ಕದ ಜೊತೆಗೆ ಸಮವಸ್ತ್ರ, ಪ್ರಯಾಣ, ಸ್ಪರ್ಧೆಯ ಪ್ರವೇಶಧನ ಎಂದು ಬೇರೆ ಖರ್ಚು ಇದೆಯೇ ಎಂದು ಸೇರುವ ಮುನ್ನ ಕೇಳಿ. ಶುಲ್ಕ ಕಟ್ಟುವುದು ಕಷ್ಟವಾದರೆ ಖಜಾಂಚಿಯೊಡನೆ ಖಾಸಗಿಯಾಗಿ ಮಾತನಾಡಿ. ಅನೇಕ ಸಂಘಗಳಲ್ಲಿ ರಿಯಾಯಿತಿಯ ದಾರಿ ಇರುತ್ತದೆ, ಅದನ್ನು ಪ್ರಚಾರ ಮಾಡಿರುವುದಿಲ್ಲ. ಇಲ್ಲಿ ಸಂಕೋಚಪಡಬೇಕಾದ್ದಿಲ್ಲ. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಎಲ್ಲ ವಿದ್ಯಾರ್ಥಿಗಳೂ ಕಟ್ಟುವ ಚಟುವಟಿಕೆ ಶುಲ್ಕದಿಂದಲೇ ಸಂಘಗಳಿಗೆ ಅನುದಾನ ಹೋಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 2000ದ ಸೌತ್‌ವರ್ತ್ ಪ್ರಕರಣದಲ್ಲಿ, ಸರ್ಕಾರಿ ವಿಶ್ವವಿದ್ಯಾಲಯಗಳು ಇಂಥ ಶುಲ್ಕ ವಸೂಲಿ ಮಾಡಬಹುದು, ಆದರೆ ಹಂಚುವಾಗ ಸಂಘಗಳ ಅಭಿಪ್ರಾಯ ನೋಡಿ ತಾರತಮ್ಯ ಮಾಡಬಾರದು ಎಂದಿದೆ. ಹಣದಲ್ಲಿ ನಿಮ್ಮ ಪಾಲೂ ಇರುವಾಗ ಲೆಕ್ಕ ಕೇಳುವ ಹಕ್ಕೂ ನಿಮ್ಮದೇ.

ಹೊರದೇಶದಲ್ಲಿ ಓದುತ್ತಿರುವವರಿಗೆ ಇನ್ನೊಂದು ಎಚ್ಚರಿಕೆ. ಸಂಬಳವಿಲ್ಲದ ಸದಸ್ಯತ್ವಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಸಂಘದ ಹುದ್ದೆಗೆ ಗೌರವಧನ ಕೊಡುವುದಾದರೆ ಅದು ಉದ್ಯೋಗವೆಂದು ಲೆಕ್ಕಕ್ಕೆ ಬರಬಹುದು. ಒಪ್ಪಿಕೊಳ್ಳುವ ಮುನ್ನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿ.

ಈಗ ಕಟುವಾದ ಮಾತು. ಸೇರಿಸಿಕೊಳ್ಳಲು ಅವಮಾನ ಸಹಿಸಬೇಕು, ಕುಡಿಯಬೇಕು, ರಾತ್ರಿಯಿಡೀ ಎಚ್ಚರವಿರಬೇಕು, ನಡೆದದ್ದನ್ನು ಹೊರಗೆ ಹೇಳಬಾರದು ಎನ್ನುವ ಯಾವ ಗುಂಪಿನಲ್ಲೂ ಒಂದು ಕ್ಷಣ ನಿಲ್ಲಬೇಡಿ. ಅದನ್ನು ಸಂಪ್ರದಾಯ ಎಂದು ಕರೆದರೂ ಅದು ರ‍್ಯಾಗಿಂಗ್. ಭಾರತದಲ್ಲಿ ಯುಜಿಸಿ 2009ರಲ್ಲಿ ಇದರ ವಿರುದ್ಧ ನಿಯಮಾವಳಿ ತಂದಿದೆ. ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಬಂದ ಕಾನೂನು, ಇಂಥ ತಪ್ಪು ಎಸಗಿದ ವಿದ್ಯಾರ್ಥಿ ಸಂಘಟನೆಗಳ ವಿವರವನ್ನು ಕಾಲೇಜುಗಳು ಬಹಿರಂಗಪಡಿಸಬೇಕು ಎನ್ನುತ್ತದೆ. ಸೇರುವ ಮುನ್ನ ಆ ವರದಿಯಲ್ಲಿ ಸಂಘದ ಹೆಸರು ಹುಡುಕಿ. ಓದು ಬಿಡಿಸುವ, ಹಳೆಯ ಗೆಳೆಯರಿಂದ, ಮನೆಯವರಿಂದ ದೂರ ಮಾಡುವ, "ಬಿಟ್ಟು ಹೋದರೆ ನೋಡು" ಎನ್ನುವ ಗುಂಪುಗಳ ಬಗ್ಗೆಯೂ ಅಷ್ಟೇ ಹುಷಾರಾಗಿರಿ.

ತಡವಾಗಿ ಬಂದವರು, ದೂರದಿಂದ ಓಡಾಡುವವರು

ಎರಡನೇ ವರ್ಷಕ್ಕೆ ಬೇರೆ ಕಾಲೇಜಿನಿಂದ ಬಂದವರು, ಸ್ನಾತಕೋತ್ತರ ವಿದ್ಯಾರ್ಥಿಗಳು, ದಿನವೂ ಬಸ್ಸು ರೈಲಿನಲ್ಲಿ ಬಂದುಹೋಗುವವರು ತಮಗೆ ಸಂಘ ಹೊಂದುವುದಿಲ್ಲ ಎಂದುಕೊಂಡುಬಿಡುತ್ತಾರೆ. ತಡವಾಗಿ ಬಂದವರಿಗೆ ಒಂದು ಅನುಕೂಲವಿದೆ: ಸೆಮಿಸ್ಟರ್‌ನ ನಡುವೆ ಸಂಘಗಳಿಗೆ ಜನ ಕಡಿಮೆಯಾಗಿ, ಬಂದ ಒಬ್ಬೊಬ್ಬರೂ ಎದ್ದು ಕಾಣುತ್ತಾರೆ. ಬಂದುಹೋಗುವವರು ಮಧ್ಯಾಹ್ನದ ಬಿಡುವಿನಲ್ಲಿ ಸೇರುವ ಸಂಘಗಳನ್ನು ನೋಡಲಿ. ಕೆಲಸವನ್ನು ಮನೆಯಿಂದ ಮಾಡಬಹುದಾದ ಪತ್ರಿಕೆ, ಅನುವಾದ, ವಿಡಿಯೊ ಸಂಕಲನ, ಲೆಕ್ಕಪತ್ರದಂಥ ಹೊಣೆಗಳನ್ನು ಆರಿಸಿಕೊಳ್ಳಲಿ. ಅಂಗವೈಕಲ್ಯ ಇರುವವರು ಸಭೆಯ ಕೋಣೆಗೆ ಲಿಫ್ಟ್ ಇದೆಯೇ, ಆನ್‌ಲೈನ್ ಆಗಿ ಸೇರಬಹುದೇ ಎಂದು ಮುಂಚೆಯೇ ಕೇಳಬೇಕು. ಒಳ್ಳೆಯ ಸಂಘ ಕೋಣೆ ಬದಲಿಸುತ್ತದೆ.

ಪದಾಧಿಕಾರಿಯಾಗುವುದು

ಒಂದು ವರ್ಷ ಕೆಲಸ ಮಾಡಿದ ಮೇಲೆ ಸ್ವಾಭಾವಿಕವಾಗಿ ಯಾರೋ ಕೇಳುತ್ತಾರೆ: ಚುನಾವಣೆಗೆ ನಿಲ್ಲುತ್ತೀರಾ? ಹಲವು ಕಡೆ ಚುನಾವಣೆ ವರ್ಷದ ಕೊನೆಯ ಪರೀಕ್ಷೆಗೆ ಕೆಲವು ವಾರ ಮುನ್ನ ನಡೆಯುತ್ತದೆ. ಅದಕ್ಕೂ ಮೊದಲೇ ಸಂಘದ ನಿಯಮಾವಳಿ ಓದಿ. ಯಾರು ಮತ ಹಾಕಬಹುದು, ಎಷ್ಟು ಸಭೆಗಳ ಹಾಜರಿ ಬೇಕು, ಯಾವ ಹುದ್ದೆಗೆ ಯಾವ ಹೊಣೆ ಎಂಬುದೆಲ್ಲ ಅದರಲ್ಲಿರುತ್ತದೆ. ಸಣ್ಣ ಪುಸ್ತಿಕೆ, ಆದರೆ ಸದಸ್ಯರಲ್ಲಿ ಅದನ್ನು ಓದಿದವರು ವಿರಳ.

ಮೊದಲ ಬಾರಿಗೇ ಖಜಾಂಚಿಯಾಗಬೇಡಿ ಎಂದು ನಾನು ಹೇಳುವುದುಂಟು. ಬಿಲ್ಲು, ಮರುಪಾವತಿ, ಅನುದಾನದ ಅರ್ಜಿ ಎಲ್ಲಕ್ಕೂ ವಿಶ್ವವಿದ್ಯಾಲಯದ ಹಣಕಾಸು ಕಚೇರಿಯ ಒಡನಾಟ ಬೇಕು. ಒಂದು ಸೆಮಿಸ್ಟರ್ ಸಹಾಯಕರಾಗಿದ್ದು ಆಮೇಲೆ ವಹಿಸಿಕೊಂಡರೆ ನಿದ್ದೆ ಕೆಡುವುದಿಲ್ಲ. ಕಾರ್ಯಕ್ರಮ ಸಂಯೋಜಕ ಅಥವಾ ಜಂಟಿ ಕಾರ್ಯದರ್ಶಿಯಂಥ ಹುದ್ದೆ ಶುರುವಿಗೆ ಚೆನ್ನು.

ಹುದ್ದೆ ಸಿಕ್ಕ ಮೊದಲ ವಾರ ಹಸ್ತಾಂತರದ ಕಡತ ಕೇಳಿ ಪಡೆಯಿರಿ: ಖಾತೆಗಳ ಪಾಸ್‌ವರ್ಡ್, ಬ್ಯಾಂಕಿನಲ್ಲಿ ಸಹಿ ಬದಲಿಸುವ ವಿಧಾನ, ಕೋಣೆ ಕಾಯ್ದಿರಿಸಲು ಯಾರನ್ನು ಕಾಣಬೇಕು, ಕಳೆದ ವರ್ಷದ ಬಜೆಟ್, ನೋಂದಣಿ ನವೀಕರಣದ ಗಡುವು. 1815ರಲ್ಲಿ ಆರಂಭವಾದ ಕೇಂಬ್ರಿಡ್ಜ್ ಯೂನಿಯನ್ ಎಂಬ ಚರ್ಚಾ ಸಂಘ, 1883ರಲ್ಲಿ ಶುರುವಾದ ಅಲ್ಲಿನದೇ ಫುಟ್‌ಲೈಟ್ಸ್ ಹಾಸ್ಯ ನಾಟಕ ತಂಡ ಇಂದಿಗೂ ನಡೆಯುತ್ತಿವೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಸದಸ್ಯರೆಲ್ಲ ಬದಲಾಗುವ ಸಂಘವೊಂದು ಇಷ್ಟು ತಲೆಮಾರು ಬದುಕಬೇಕಾದರೆ ಹಿಂದಿನವರು ಮುಂದಿನವರಿಗೆ ಕೆಲಸ ಕಲಿಸಿಯೇ ಹೋಗಿರಬೇಕು. ಕಡತ ಸಿಗದಿದ್ದರೆ ನೀವೇ ಶುರುಮಾಡಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು.

ಹೊಸ ಸಂಘ ಕಟ್ಟುವ ಮುನ್ನ

ಬೇಕಾದ ಸಂಘ ಇಲ್ಲವೆನಿಸಿದರೆ ಹಳೆಯ ಪಟ್ಟಿಗಳನ್ನೂ ನೋಡಿ. ನಿಂತುಹೋದ ಸಂಘವನ್ನು ಎಬ್ಬಿಸುವುದು ಹೊಸದನ್ನು ಕಟ್ಟುವುದಕ್ಕಿಂತ ಸುಲಭ, ಕೆಲವೊಮ್ಮೆ ಅದರ ಖಾತೆಯಲ್ಲಿ ಹಣವೂ ಉಳಿದಿರುತ್ತದೆ. ಹೊಸದೇ ಆಗಬೇಕೆಂದರೆ ನೋಂದಣಿಗೆ ಸಾಮಾನ್ಯವಾಗಿ ಕನಿಷ್ಠ ಸಂಖ್ಯೆಯ ಸದಸ್ಯರು, ಸಲಹೆಗಾರರಾಗಿ ಒಬ್ಬ ಅಧ್ಯಾಪಕರು, ಬರೆದ ನಿಯಮಾವಳಿ ಬೇಕಾಗುತ್ತವೆ. ಕಾಗದಪತ್ರಕ್ಕೆ ಮುನ್ನ ಮೂರು ಸಲ ಸೇರಿ ನೋಡಿ. ಗ್ರಂಥಾಲಯದ ಚರ್ಚಾ ಕೋಣೆಯಾದರೂ ಸರಿ. ಮೂರನೆಯ ಸಲವೂ ಆರು ಜನ ಬಂದರೆ ನೋಂದಾಯಿಸಿ.

ಸಂಘ ಬಿಡಬೇಕಾದಾಗ

ಓದು ಹೆಚ್ಚಾಗಬಹುದು, ಆಸಕ್ತಿ ಬದಲಾಗಬಹುದು, ಅಲ್ಲಿನ ವಾತಾವರಣ ಹಿಡಿಸದಿರಬಹುದು. ಭಾನುವಾರ ರಾತ್ರಿ ವಾರದ ಸಭೆ ನೆನೆದು ಮನಸ್ಸು ಭಾರವಾಗುವುದು ಸತತವಾಗಿ ಒಂದು ತಿಂಗಳು ನಡೆದರೆ ಬಿಡುವುದೇ ಸರಿ. ಸುಮ್ಮನೆ ಮಾಯವಾಗಬೇಡಿ. ಕಾರ್ಯದರ್ಶಿಗೆ ಎರಡು ಸಾಲು ಬರೆಯಿರಿ: ಈ ದಿನದಿಂದ ಬರಲು ಆಗುವುದಿಲ್ಲ, ನನ್ನ ಬಳಿ ಇರುವ ಕೆಲಸ ಇದು, ಇಷ್ಟು ಮುಗಿದಿದೆ, ಇಷ್ಟು ಬಾಕಿ. ಕೋಣೆಯ ಕೀಲಿ, ಕ್ಯಾಮೆರಾ, ಹಂಚಿಕೊಂಡ ಕಡತಗಳ ಅನುಮತಿ ನಿಮ್ಮಲ್ಲಿದ್ದರೆ ಅದೇ ವಾರ ಹಿಂದಿರುಗಿಸಿ, ಗುಂಪಿನಿಂದ ಹೊರಬರುವ ಮುನ್ನ ನಿಮ್ಮ ಜಾಗಕ್ಕೆ ಬರುವವರ ಜೊತೆ ಒಮ್ಮೆ ಕೂತು ಕೆಲಸ ವಹಿಸಿಕೊಡಿ.